ಸೈನಿಕನ ಅರ್ಜಿ, ಗಣಿ ಕಾರ್ಮಿಕನ ಮತ

ಕೋಲಾರದ ಚಿನ್ನದ ಗಣಿಗಳ ಹಳೆಯ ದಾಖಲೆಗಳನ್ನು ತಿರುವಿ ಹಾಕುವವರಿಗೆ ಮೊದಲು ಎದುರಾಗುವ ಗೊಂದಲ ‘ಕ್ಯಾಪ್ಟನ್’ ಎಂಬ ಪದದ್ದು. ಪುಟಪುಟಕ್ಕೂ ಕ್ಯಾಪ್ಟನ್‌ಗಳು. ಇವರೆಲ್ಲ ಯಾವ ಪಲ್ಟನ್ನಿನವರು ಎಂದು ಹುಡುಕಲು ಹೊರಟರೆ ಅವರಲ್ಲಿ ಹಲವರ ಹೆಸರು ಯಾವ ಸೇನೆಯ ಪಟ್ಟಿಯಲ್ಲೂ ಸಿಗುವುದಿಲ್ಲ. ಇಂಗ್ಲೆಂಡಿನ ಕಾರ್ನ್‌ವಾಲ್ ಪ್ರಾಂತದ ತವರ ಮತ್ತು ತಾಮ್ರದ ಗಣಿಗಳಲ್ಲಿ ನೆಲದಡಿಯ ಕೆಲಸದ ಮೇಲ್ವಿಚಾರಕನಿಗೆ ಕ್ಯಾಪ್ಟನ್ ಎನ್ನುತ್ತಿದ್ದರು. ಆ ರೂಢಿಯೇ ಕಾರ್ನ್‌ವಾಲ್‌ನ ಗಣಿಗಾರರ ಜೊತೆಗೆ ಹಡಗು ಹತ್ತಿ ಬಂಗಾರಪೇಟೆಯ ಪಕ್ಕದ ಬಂಡೆಗಾಡಿಗೆ ಬಂದಿತು. 1880ರ ದಶಕದಲ್ಲಿ ಮೈಸೂರು ಗಣಿಯಲ್ಲಿ ಚಾಂಪಿಯನ್ ಅದಿರುಪಟ್ಟಿಯನ್ನು ಬಯಲಿಗೆ ತಂದ ಕ್ಯಾಪ್ಟನ್ ಪ್ಲಮ್ಮರ್ ಇಂಥ ಗಣಿ ಕ್ಯಾಪ್ಟನ್.

ಹಾಗೆಂದು ಈ ಊರಿನಲ್ಲಿ ನಿಜವಾದ ಸೈನಿಕರಿಗೇನೂ ಕೊರತೆ ಇರಲಿಲ್ಲ. ಕೆಜಿಎಫ್‌ನ ಹುಟ್ಟಿಗೆ ಕಾರಣರಾದವರೇ ಸೈನಿಕರು. ಇಲ್ಲಿ ಚಿನ್ನವಿದೆ ಎಂದು ಬರೆದಿಟ್ಟವನು ಸೈನ್ಯಾಧಿಕಾರಿ. ಅದನ್ನು ಅಗೆಯಲು ಅಪ್ಪಣೆ ಬೇಡಿದವನು ನಿವೃತ್ತ ಸೈನಿಕ. ಆ ಅಪ್ಪಣೆಯನ್ನು ಅವನಿಂದ ಪಡೆದು ಬಂಡವಾಳ ಕೂಡಿಸಿದವರ ಮುಂದಾಳು ಒಬ್ಬ ಮೇಜರ್ ಜನರಲ್. ಊರಿನ ಪರವಾಗಿ ಸರ್ಕಾರದ ಮುಂದೆ ಮಾತಾಡುವ ಹಕ್ಕು ಬಹುಕಾಲ ಸಮವಸ್ತ್ರ ತೊಟ್ಟವರದೋ, ಅವರಿಂದ ಹಕ್ಕು ಕೊಂಡ ಕಂಪನಿಯದೋ ಆಗಿತ್ತು. ಕೇಜಿನಲ್ಲಿ ನಿಂತು ಪಾತಾಳಕ್ಕೆ ಇಳಿಯುತ್ತಿದ್ದವನಿಗೆ ಆ ಹಕ್ಕು ದೊರೆತದ್ದು 1952ರ ಚುನಾವಣೆಯಲ್ಲಿ. ಅರ್ಜಿಯಿಂದ ಮತದವರೆಗಿನ ಆ ಹಾದಿಯ ಕಥೆ ಸೈನಿಕ ಮತ್ತು ಶಾಸಕ ಎಂಬ ಎರಡು ಪಾತ್ರಗಳ ಸಂಬಂಧವನ್ನೂ ಅರ್ಥಮಾಡಿಸುತ್ತದೆ.

ಗಡಿ ಅಳೆಯಲು ಬಂದವನು

1799ರಲ್ಲಿ ಶ್ರೀರಂಗಪಟ್ಟಣ ಬಿದ್ದು ಟಿಪ್ಪು ಮಡಿದ ಮೇಲೆ ಅವನ ರಾಜ್ಯ ಹಂಚಿಹೋಯಿತು. ಒಡೆಯರ ಮನೆತನಕ್ಕೆ ಮರಳಿದ ಮೈಸೂರಿನ ಗಡಿ ಎಲ್ಲಿಗೆ ಮುಗಿಯುತ್ತದೆ, ಕಂಪನಿ ಸರ್ಕಾರದ ನೆಲ ಎಲ್ಲಿಂದ ಆರಂಭವಾಗುತ್ತದೆ ಎಂಬುದನ್ನು ಅಳೆದು ಗುರುತಿಸಬೇಕಾಗಿತ್ತು. ಪೂರ್ವದ ಗಡಿಯ ಕೆಲಸಕ್ಕೆ 1802ರಲ್ಲಿ ಬಂದವನು 33ನೇ ರೆಜಿಮೆಂಟಿನ ಲೆಫ್ಟಿನೆಂಟ್ ಜಾನ್ ವಾರನ್. ಹೆಸರು ಇಂಗ್ಲಿಷಿನದಾದರೂ ಫ್ರಾನ್ಸ್ ಮೂಲದವನು. ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿ ಕಾದಾಡಿದವನು.

ಈ ನೆಲದಲ್ಲಿ ಚಿನ್ನ ಸಿಗುತ್ತದೆಂಬ ಮಾತು ಸುತ್ತಲಿನ ಹಳ್ಳಿಗಳಲ್ಲಿ ವಾರನ್‌ನ ಕಿವಿಗೆ ಬಿತ್ತು. ಆತ ತೋರಿಸಿಕೊಟ್ಟವರಿಗೆ ಇನಾಮು ಸಾರಿದ. ಹಳ್ಳಿಯವರು ಎತ್ತಿನ ಗಾಡಿಗಳಲ್ಲಿ ಮಣ್ಣು ಹೇರಿಕೊಂಡು ಬಂದು ಅವನ ಎದುರಿಗೇ ತೊಳೆದು ತೋರಿಸಿದರು. ತಳದಲ್ಲಿ ಚಿನ್ನದ ಪುಡಿ ಮಿನುಗಿತು. ಆ ಕೈಕಸುಬಿನ ವಿಧಾನದಲ್ಲಿ ಸುಮಾರು 56 ಕಿಲೊ ಮಣ್ಣಿಗೆ ಒಂದು ಗ್ರೇನ್, ಅಂದರೆ ಸುಮಾರು 65 ಮಿಲಿಗ್ರಾಂ ಚಿನ್ನ ಎಂದು ಲೆಕ್ಕ ಹಾಕಿದ. ಉರಿಗಾಂ, ಮಾರಿಕುಪ್ಪಂ ಸುತ್ತಿನಲ್ಲಿ ಹಿಂದಿನವರು ತೋಡಿದ ಹಳೆಯ ಗುಂಡಿಗಳನ್ನೂ ಕಂಡ. ಇದನ್ನೆಲ್ಲ ವರದಿ ಮಾಡಿದ. ಮುಂದೆ ಮದರಾಸಿನ ಖಗೋಳ ವೀಕ್ಷಣಾಲಯದ ಹೊಣೆ ಹೊತ್ತು, ನಮ್ಮ ಪಂಚಾಂಗಗಳ ಗಣಿತದ ಬಗ್ಗೆ ‘ಕಾಲ ಸಂಕಲಿತ’ ಎಂಬ ಗ್ರಂಥವನ್ನು 1825ರಲ್ಲಿ ಪ್ರಕಟಿಸಿದವನೂ ಇವನೇ.

ಇಲ್ಲಿ ಗಮನಿಸಬೇಕಾದ ಮಾತೊಂದಿದೆ. ವಾರನ್ ಚಿನ್ನವನ್ನು ‘ಕಂಡುಹಿಡಿಯಲಿಲ್ಲ.’ ಅದನ್ನು ಬಲ್ಲವರು ಅಲ್ಲೇ ಇದ್ದರು, ತಲೆಮಾರುಗಳಿಂದ ತೊಳೆಯುತ್ತಿದ್ದರು. ಆತ ಮಾಡಿದ್ದು ಅವರ ತಿಳಿವಳಿಕೆಯನ್ನು ಸರ್ಕಾರಕ್ಕೆ ಅರ್ಥವಾಗುವ ಭಾಷೆಯಲ್ಲಿ ಕಾಗದಕ್ಕೆ ಇಳಿಸಿದ್ದು. ಕಾಗದಕ್ಕೆ ಇಳಿಸಬಲ್ಲವನಿಗೆ ಹೆಸರು ಬಂತು. ಮಣ್ಣು ತೊಳೆದವರ ಒಂದು ಹೆಸರೂ ಉಳಿಯಲಿಲ್ಲ. ಗಣಿಯ ಪರವಾಗಿ ಯಾರು ಮಾತಾಡಬೇಕು ಎಂಬ ಪ್ರಶ್ನೆ ಹುಟ್ಟಿದ್ದು ಅಲ್ಲಿಂದಲೇ.

ಲಾವೆಲ್ ಬರೆದ ಅರ್ಜಿ

ವಾರನ್‌ನ ವರದಿ ಸುಮಾರು ಎಪ್ಪತ್ತು ವರ್ಷ ಹೆಚ್ಚು ಫಲ ಕೊಡದೆ ಉಳಿಯಿತು. ನಡುವೆ ಕೆಲವರು ಪ್ರಯತ್ನಿಸಿದರೂ ಕೈಗೆ ಹತ್ತಲಿಲ್ಲ. ಕೊನೆಗೆ ಅದನ್ನು ಗಂಭೀರವಾಗಿ ಓದಿದವನು ಮೈಕೆಲ್ ಫಿಟ್ಜ್‌ಜೆರಾಲ್ಡ್ ಲಾವೆಲ್. ಐರ್ಲೆಂಡಿನವನು. ನ್ಯೂಜಿಲೆಂಡಿನಲ್ಲಿ ಮಾವೊರಿಗಳ ವಿರುದ್ಧ ಬ್ರಿಟಿಷರು ನಡೆಸಿದ ಯುದ್ಧದಲ್ಲಿ ದುಡಿದು, ನಿವೃತ್ತನಾಗಿ ಬೆಂಗಳೂರು ದಂಡಿನಲ್ಲಿ ನೆಲೆಸಿದ್ದ. ಆ ಕಾಲದಲ್ಲಿ ನ್ಯೂಜಿಲೆಂಡಿನಲ್ಲೂ ಚಿನ್ನದ ಹುಚ್ಚು ಹರಡಿತ್ತು. ಕಲ್ಲಿನಲ್ಲಿ ಚಿನ್ನ ಹೇಗಿರುತ್ತದೆಂಬ ಕುತೂಹಲ ಅವನಿಗೆ ಅಂಟಿದ್ದು ಅಲ್ಲಿಯೇ. ಅಲ್ಲಿನ ಚಿನ್ನದ ನೆಲೆಗಳಲ್ಲಿ ಒಂದರ ಹೆಸರು ಕೋರಮಂಡಲ್. ನಮ್ಮ ಚೋಳಮಂಡಲದ ಕರಾವಳಿಯ ಹೆಸರು ಹೊತ್ತ ಬ್ರಿಟಿಷ್ ಹಡಗೊಂದು 1820ರಲ್ಲಿ ಅಲ್ಲಿಗೆ ಹೋಗಿ ಆ ಹೆಸರನ್ನು ಬಿಟ್ಟುಬಂದಿತ್ತು. ಕೆಜಿಎಫ್‌ನಲ್ಲೂ ಮುಂದೆ ಕೋರಮಂಡಲ್ ಎಂಬ ಗಣಿ, ಬಡಾವಣೆ, ರೈಲು ನಿಲ್ದಾಣ ಬಂದವು. ಸಾಗರದ ಎರಡು ಕಡೆಯ ಎರಡು ಚಿನ್ನದ ನೆಲಗಳಿಗೆ ಒಂದೇ ತಮಿಳು ಮೂಲದ ಹೆಸರು ಅಂಟಿದ್ದು ಒಂದು ಸೋಜಿಗ.

1871ರಲ್ಲಿ ಲಾವೆಲ್ ಎತ್ತಿನ ಗಾಡಿ ಕಟ್ಟಿಸಿ ಬೆಂಗಳೂರಿನಿಂದ ಸುಮಾರು ಅರವತ್ತು ಮೈಲಿ ಪ್ರಯಾಣ ಮಾಡಿದ. ಎರಡು ವರ್ಷ ಆ ಭಾಗದಲ್ಲಿ ಹುಡುಕಾಡಿದ. 1873ರಲ್ಲಿ ಗಣಿಗಾರಿಕೆಗೆ ಅಪ್ಪಣೆ ಕೋರಿ ಸರ್ಕಾರಕ್ಕೆ ಅರ್ಜಿ ಬರೆದ.

ಯಾವ ಸರ್ಕಾರಕ್ಕೆ? ಇದು ಮುಖ್ಯ. 1831ರಿಂದ 1881ರವರೆಗೆ ಮೈಸೂರನ್ನು ಆಳುತ್ತಿದ್ದದ್ದು ಮಹಾರಾಜರಲ್ಲ, ಬ್ರಿಟಿಷ್ ಕಮಿಷನರುಗಳು. ಅವರಲ್ಲಿ ದೀರ್ಘಕಾಲ ಇದ್ದ ಮಾರ್ಕ್ ಕಬ್ಬನ್ ಸ್ವತಃ ಸೈನಿಕ. ಅವನ ನಂತರ ಬಂದ ಬೌರಿಂಗ್ ಹೆಸರಿನಲ್ಲಿಯೇ ಇಂದಿನ ಬಂಗಾರಪೇಟೆ ಬಹುಕಾಲ ಬೌರಿಂಗ್‌ಪೇಟೆಯಾಗಿತ್ತು. ಅರ್ಜಿದಾರ ನಿವೃತ್ತ ಸೈನಿಕ, ಅರ್ಜಿ ನೋಡುವವರು ಅವನದೇ ದೇಶದ ಆಡಳಿತಗಾರರು. ನೆಲದ ಮೇಲಿದ್ದ ರೈತನನ್ನಾಗಲಿ, ಮಣ್ಣು ತೊಳೆಯುವವರನ್ನಾಗಲಿ ಕೇಳಲು ಒಂದು ಸಭೆಯೂ ಇರಲಿಲ್ಲ.

ಅಧಿಕಾರಿಗಳಿಗೆ ಈ ಮನುಷ್ಯನ ಮಾತಿನಲ್ಲಿ ನಂಬಿಕೆ ಹುಟ್ಟಲಿಲ್ಲ. ಚಿನ್ನದ ಗಣಿ ಲಾಭದ ಮಾತಲ್ಲ, ಬೇಕಾದರೆ ಕಲ್ಲಿದ್ದಲು ಹುಡುಕಿಕೋ ಎಂಬ ಧೋರಣೆ ಅವರದು. ಲಾವೆಲ್ ಹಟ ಬಿಡಲಿಲ್ಲ. ತಾನು ಗೆದ್ದರೆ ಸರ್ಕಾರಕ್ಕೂ ಲಾಭ, ಸೋತರೆ ನಷ್ಟ ತನ್ನದು ಎಂಬಂತೆ ವಾದಿಸಿ, 1875ರ ಫೆಬ್ರುವರಿಯಲ್ಲಿ ಇಪ್ಪತ್ತು ವರ್ಷದ ಗುತ್ತಿಗೆ ಪಡೆದ. ಆದರೆ ಅಪ್ಪಣೆಯ ಕಾಗದದಿಂದ ಬಂಡೆ ಸೀಳುವುದಿಲ್ಲ. ಶಾಫ್ಟ್ ಇಳಿಸಲು, ನೀರೆತ್ತಲು, ಯಂತ್ರ ತರಿಸಲು ಅವನಲ್ಲಿ ಹಣವಿರಲಿಲ್ಲ. 1877ರಲ್ಲಿ ಹಕ್ಕು ಮೇಜರ್ ಜನರಲ್ ಬೆರೆಸ್‌ಫರ್ಡ್ ಮತ್ತು ಅವನ ಜೊತೆಗಾರರಿಗೆ ಹೋಯಿತು. ಅವರ ಕೂಟವೂ ಬಲಗುಂದಿದ ಹೊತ್ತಿಗೆ, 1880ರಲ್ಲಿ, ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಬಂದಿತು. ಮುಂದಿನ ಮುಕ್ಕಾಲು ಶತಮಾನ ಗಣಿಗಳು ಅದರ ಹಿಡಿತದಲ್ಲಿದ್ದವು. ಲಾವೆಲ್ ಹೆಸರು ಬೆಂಗಳೂರಿನ ಒಂದು ರಸ್ತೆಗೆ ಉಳಿದಿದೆ. ಆ ರಸ್ತೆಯಲ್ಲಿ ಓಡಾಡುವವರಲ್ಲಿ ಎತ್ತಿನ ಗಾಡಿಯ ಆ ಪ್ರಯಾಣ ಬಲ್ಲವರು ಕಡಿಮೆ.

ಸಭೆ ಬಂತು, ಗಣಿಯವನು ಹೊರಗೆ

1881ರಲ್ಲಿ ರಾಜ್ಯ ಹತ್ತನೆಯ ಚಾಮರಾಜ ಒಡೆಯರ ಕೈಗೆ ಮರಳಿತು. ಅದೇ ವರ್ಷ ದಿವಾನ್ ರಂಗಾಚಾರ್ಲು ಮೈಸೂರು ಪ್ರಜಾಪ್ರತಿನಿಧಿ ಸಭೆಯನ್ನು ಆರಂಭಿಸಿದರು. ದಸರಾ ಹೊತ್ತಿಗೆ ಅಕ್ಟೋಬರ್‌ನಲ್ಲಿ ಸೇರಿದ ಮೊದಲ ಸಭೆಗೆ 144 ಮಂದಿ ಬಂದಿದ್ದರು. ದೇಶದ ಸಂಸ್ಥಾನಗಳಲ್ಲಿ ಇಂಥದು ಮೊದಲು. ಆದರೆ ಬಂದವರು ಯಾರು? ಕಂದಾಯ ಕಟ್ಟುವ ರೈತ ಪ್ರಮುಖರು, ವರ್ತಕರು. ಅವರಿಗೂ ಶಾಸನ ಮಾಡುವ ಅಧಿಕಾರವಿರಲಿಲ್ಲ. ದಿವಾನರ ವರದಿ ಕೇಳಿ ತಮ್ಮ ಕಷ್ಟಸುಖ ಹೇಳಿಕೊಳ್ಳಬಹುದಿತ್ತು. 1891ರಲ್ಲಿ ಚುನಾವಣೆ ಬಂದಾಗಲೂ ಮತದ ಹಕ್ಕು ಆಸ್ತಿ, ಕಂದಾಯ, ವಿದ್ಯೆಗಳ ಅಳತೆಯ ಮೇಲೆ ನಿಂತಿತ್ತು. 1907ರಲ್ಲಿ ನ್ಯಾಯವಿಧಾಯಕ ಸಭೆ ಸ್ಥಾಪನೆಯಾಯಿತು. 1923ರಲ್ಲಿ ಎರಡೂ ಸಭೆಗಳ ಅಧಿಕಾರ ಹಿಗ್ಗಿತು.

ಇದೇ ಕಾಲದಲ್ಲಿ ಗಣಿ ಬೆಳೆಯಿತು. ಉತ್ಪನ್ನದ ಮೇಲೆ ಶೇಕಡ 5 ರಾಜಧನ ಮೈಸೂರಿನ ಬೊಕ್ಕಸಕ್ಕೆ ಬರತೊಡಗಿತು. 1894ರ ಸುಮಾರಿಗೆ ಬೌರಿಂಗ್‌ಪೇಟೆಯಿಂದ ಮಾರಿಕುಪ್ಪಂಗೆ ರೈಲು ಓಡಿತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಸುಮಾರು 147 ಕಿಲೊಮೀಟರ್ ದೂರದ ಗಣಿಗೆ ತಂತಿಯ ಮೇಲೆ ಬಂತು. ಬೆಂಗಳೂರಿನ ಬೀದಿಗಳಿಗಿಂತ ಮೊದಲು ಗಣಿಯಲ್ಲಿ ವಿದ್ಯುತ್ತು ಹರಿಯಿತು. ಬೇತಮಂಗಲದ ಕೆರೆಯಿಂದ ನೀರು ಬಂತು. ಸರ್ಕಾರ ಕಟ್ಟಿಸಿದ ಹೊಸ ಪೇಟೆಗೆ ಅಂದಿನ ರೆಸಿಡೆಂಟ್ ಕರ್ನಲ್ ಡೊನಾಲ್ಡ್ ರಾಬರ್ಟ್‌ಸನ್‌ನ ಹೆಸರಿಟ್ಟರು. ಅದೇ ರಾಬರ್ಟ್‌ಸನ್‌ಪೇಟೆ, ಇನ್ನೊಬ್ಬ ಸೈನ್ಯಾಧಿಕಾರಿಯ ಗುರುತು.

ಇಷ್ಟೆಲ್ಲ ಬಂದರೂ ಗಣಿ ಕಾರ್ಮಿಕನಿಗೆ ಸಭೆಯಲ್ಲಿ ಜಾಗವಿರಲಿಲ್ಲ. ಆತನಿಗೆ ಹೊಲವಿಲ್ಲ, ಕಂದಾಯದ ಪಟ್ಟಿಯಲ್ಲಿ ಹೆಸರಿಲ್ಲ. ಇರುವುದು ಕಂಪನಿಯ ಲೈನ್ ಮನೆಯಲ್ಲಿ. ಬಹುಪಾಲು ಮಂದಿ ಬಂದದ್ದು ಮದರಾಸು ಪ್ರಾಂತದ ಉತ್ತರ ಆರ್ಕಾಟ್ ಕಡೆಯಿಂದ. ಹೆಚ್ಚಿನವರು ಅಸ್ಪೃಶ್ಯರೆನಿಸಿಕೊಂಡ ಜಾತಿಗಳವರು. ಆಸ್ತಿ ಇಲ್ಲದವನಿಗೆ ಮತವಿಲ್ಲ ಎಂಬ ನಿಯಮ ಸಾವಿರಾರು ಜನರ ಇಡೀ ಪಟ್ಟಣವನ್ನು ಲೆಕ್ಕದಿಂದ ಹೊರಗಿಟ್ಟಿತು.

ಎರಡು ಬಾಗಿಲು

ಈ ಜನರ ಇತಿಹಾಸದಲ್ಲಿ ಸೈನ್ಯಕ್ಕೆ ಬೇರೆಯೇ ಒಂದು ಅರ್ಥವಿದೆ. ಬ್ರಿಟಿಷರ ಮದರಾಸು ಸೇನೆ ಮೊದಲಿನಿಂದ ತಮಿಳು ನಾಡಿನ ದಲಿತರನ್ನು ಸೇರಿಸಿಕೊಳ್ಳುತ್ತಿತ್ತು. ಸೇತುವೆ ಕಟ್ಟುವ, ದಾರಿ ಕಡಿಯುವ ಸ್ಯಾಪರ್ ಮತ್ತು ಪಯನೀರ್ ಪಲ್ಟನ್‌ಗಳಲ್ಲಿ ಅವರ ಸಂಖ್ಯೆ ಗಣನೀಯ. ಬೆಂಗಳೂರಿನ ಹಲಸೂರಿನಲ್ಲಿ ಕೇಂದ್ರವಿರುವ ಮದರಾಸು ಸ್ಯಾಪರ್ಸ್ ಇಂದಿಗೂ ಆ ಪರಂಪರೆಯ ಗುರುತು. ಹಳ್ಳಿಯ ಜೀತದಿಂದ ಬಿಡಿಸಿಕೊಂಡು, ತಿಂಗಳ ಸಂಬಳ, ಓದು, ಪಿಂಚಣಿ ಕಾಣಲು ಅದೊಂದು ಬಾಗಿಲು.

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಆ ಬಾಗಿಲು ಕಿರಿದಾಯಿತು. ಉತ್ತರದ ಕೆಲವು ಜನಾಂಗಗಳು ಮಾತ್ರ ‘ಯೋಧ ಕುಲ’ಗಳು, ದಕ್ಷಿಣದವರು ಯುದ್ಧಕ್ಕೆ ಒದಗುವವರಲ್ಲ ಎಂಬ ವಾದ ಸೇನಾಪತಿಗಳಲ್ಲಿ ಬೇರೂರಿತು. ಮಹಾರ್ ಜನರ ನೇಮಕ 1892ರಲ್ಲಿ ನಿಂತಿತು. ಮದರಾಸು ಪಲ್ಟನ್‌ಗಳು ಒಂದೊಂದಾಗಿ ಕರಗಿದವು. ಆ ದಶಕಗಳಲ್ಲೇ ಕೋಲಾರದ ಗಣಿಗಳು ಕೂಲಿಗಾಗಿ ಕೈಚಾಚುತ್ತಿದ್ದವು. ಒಂದು ಬಾಗಿಲು ಮುಚ್ಚುತ್ತಿದ್ದಾಗ ಇನ್ನೊಂದು ತೆರೆಯಿತು. ಎರಡರಲ್ಲೂ ಪ್ರಾಣಾಪಾಯ, ಎರಡರಲ್ಲೂ ನಗದು ಸಂಬಳ, ಎರಡರಲ್ಲೂ ಊರಗೌಡನ ಅಂಕೆಯಿಂದ ಬಿಡುಗಡೆ.

ಬಿಡುಗಡೆ ಪಡೆದವರು ಸುಮ್ಮನೆ ಕೂರಲಿಲ್ಲ. ತಮಿಳಿನ ಬೌದ್ಧ ಚಿಂತಕ ಅಯೋತಿದಾಸ ಪಂಡಿತರ ಶಾಕ್ಯ ಬೌದ್ಧ ಸಂಘದ ಶಾಖೆ ಮಾರಿಕುಪ್ಪಂನಲ್ಲಿ ನೆಲೆಗೊಂಡಿತು. ಅವರ ‘ತಮಿಳನ್’ ಪತ್ರಿಕೆಯನ್ನು 1926ರಲ್ಲಿ ಜಿ. ಅಪ್ಪಾದುರೈಯಾರ್ ಚಾಂಪಿಯನ್ ರೀಫ್ಸ್‌ನಿಂದ ಮತ್ತೆ ಹೊರತಂದರು. ಹಗಲು ನೆಲದಡಿ ಕೊರೆಯುವವರು ರಾತ್ರಿ ಲೈನ್‌ಗಳಲ್ಲಿ ಪತ್ರಿಕೆ ಓದಿಸಿ ಕೇಳುತ್ತಿದ್ದ ಊರಿದು.

ಅತ್ತ ಸಮವಸ್ತ್ರ ಇನ್ನೊಂದು ರೂಪದಲ್ಲಿ ಗಣಿಗೆ ಬಂತು. ಗಣಿಯ ಯುರೋಪಿಯನ್ ಮತ್ತು ಆಂಗ್ಲೋ ಇಂಡಿಯನ್ ನೌಕರರು ಸ್ವಯಂಸೇವಕ ದಳವೊಂದನ್ನು ಕಟ್ಟಿಕೊಂಡಿದ್ದರು. 1920ರಲ್ಲಿ ಸಹಾಯಕ ಸೇನೆಯ ಕಾಯಿದೆ ಬಂದ ಮೇಲೆ ಅದು ಕೋಲಾರ್ ಗೋಲ್ಡ್ ಫೀಲ್ಡ್ ಬೆಟಾಲಿಯನ್ ಆಯಿತು. ಈ ಸಹಾಯಕ ಸೇನೆಗೆ ಸೇರಬಹುದಾಗಿದ್ದವರು ಯುರೋಪಿಯನ್ ಮತ್ತು ಆಂಗ್ಲೋ ಇಂಡಿಯನ್ನರು ಮಾತ್ರ. ಒಂದೇ ಗಣಿಯಲ್ಲಿ ಮೇಲ್ವಿಚಾರಕನ ಕೈಗೆ ಬಂದೂಕು, ಕೂಲಿಯವನ ಕೈಗೆ ಸುತ್ತಿಗೆ. ಸ್ವಾತಂತ್ರ್ಯದೊಂದಿಗೆ ಆ ಸೇನೆ ವಿಸರ್ಜನೆಯಾಯಿತು. ಆದರೆ ಗಣಿಯನ್ನು ವಿಶೇಷವಾಗಿ ಕಾಯಬೇಕೆಂಬ ಮನೋಭಾವ ಎಷ್ಟು ಆಳವಾಗಿತ್ತೆಂದರೆ, ಗಣಿ ಮುಚ್ಚಿದ ಮೇಲೂ ಕೋಲಾರ ಜಿಲ್ಲೆಯೊಳಗೆ ಕೆಜಿಎಫ್‌ಗೆ ಪ್ರತ್ಯೇಕ ಪೊಲೀಸ್ ಜಿಲ್ಲೆ ಉಳಿದುಕೊಂಡಿತು.

ಬೆರಳಚ್ಚಿನಿಂದ ಮತಪೆಟ್ಟಿಗೆಗೆ

1930ರ ಏಪ್ರಿಲ್‌ನಲ್ಲಿ ಕಂಪನಿಗಳು ಕಾರ್ಮಿಕರ ನೋಂದಣಿಗೆ ಬೆರಳಚ್ಚು ಕೇಳಿದವು. ಬೆರಳಚ್ಚು ತೆಗೆಸಿಕೊಳ್ಳುವುದು ಕಳ್ಳರಿಂದ ಎಂಬ ತಿಳಿವಳಿಕೆ ಇದ್ದ ಜನ ಸಿಡಿದೆದ್ದರು. ಹೇಳಿಕೊಳ್ಳುವಂಥ ಸಂಘವಿರಲಿಲ್ಲ, ಹೆಸರಾಂತ ಮುಂದಾಳು ಇರಲಿಲ್ಲ. ಆದರೂ ಸುಮಾರು ಮೂರು ವಾರ ಗಣಿ ನಿಂತಿತು. ಅವರಿಗೆ ಬೇಸರವಾದದ್ದು ಕೂಲಿಯ ಲೆಕ್ಕಕ್ಕಿಂತ ಮರ್ಯಾದೆಯ ಲೆಕ್ಕದಿಂದ.

ಮುಂದಿನ ಹದಿನೈದು ವರ್ಷಗಳಲ್ಲಿ ಸಂಘಗಳು ಬಂದವು, ಕೆ.ಎಸ್. ವಾಸನ್, ವಿ.ಎಂ. ಗೋವಿಂದನ್ ಅವರಂಥ ಕಮ್ಯುನಿಸ್ಟ್ ಮುಂದಾಳುಗಳು ಬಂದರು. 1946ರ ದೀರ್ಘ ಮುಷ್ಕರದ ವರ್ಷ, ನವೆಂಬರ್ 4ರಂದು, ಪೊಲೀಸರ ಗುಂಡಿಗೆ ಆರು ಮಂದಿ ಕಾರ್ಮಿಕರು ಬಲಿಯಾದರು. ಆ ದಿನವನ್ನು ಕೆಜಿಎಫ್‌ನ ಕಾರ್ಮಿಕ ಸಂಘಟನೆಗಳು ಹುತಾತ್ಮರ ದಿನವಾಗಿ ನೆನೆಯುತ್ತ ಬಂದಿವೆ.

1947ರ ಅಕ್ಟೋಬರ್‌ನಲ್ಲಿ ಮೈಸೂರಿಗೆ ಜವಾಬ್ದಾರಿ ಸರ್ಕಾರ ಬಂದಾಗ ಮೊದಲ ಮುಖ್ಯಮಂತ್ರಿಯಾದ ಕೆ. ಚೆಂಗಲರಾಯ ರೆಡ್ಡಿ ಅವರ ಹುಟ್ಟೂರು ಕ್ಯಾಸಂಬಳ್ಳಿ, ಗಣಿಗೆ ಕೂಗಳತೆಯ ದೂರ. ಅವರು ವಕೀಲರು, ಪ್ರಜಾಪಕ್ಷ ಕಟ್ಟಿ, ಪ್ರಜಾಪ್ರತಿನಿಧಿ ಸಭೆಯ ಅನುಭವ ಪಡೆದು ಮೇಲೆ ಬಂದವರು. ಅಂದಿನ ಸಭೆಗಳಿಗೆ ಹೋಗುವ ಸಹಜ ದಾರಿ ಅದು: ಭೂಮಿ, ವಕೀಲಿ, ಪಕ್ಷ. ಗಣಿಯ ದಾರಿ ಇನ್ನೂ ತೆರೆದಿರಲಿಲ್ಲ.

ಅದು ತೆರೆದದ್ದು 1952ರಲ್ಲಿ, ವಯಸ್ಕರೆಲ್ಲರಿಗೂ ಮತ ಸಿಕ್ಕ ಮೊದಲ ಮಹಾಚುನಾವಣೆಯಲ್ಲಿ. ಕೆಜಿಎಫ್ ಆಗ ಇಬ್ಬರನ್ನು ಆರಿಸುವ ಕ್ಷೇತ್ರ. ಗೆದ್ದವರು ಕಮ್ಯುನಿಸ್ಟ್ ಪಕ್ಷದ ಕೆ.ಎಸ್. ವಾಸನ್ ಮತ್ತು ಪರಿಶಿಷ್ಟ ಜಾತಿ ಫೆಡರೇಷನ್ನಿನ ಪಿ.ಎಂ. ಸ್ವಾಮಿದೊರೈ. ರಾಜ್ಯವೆಲ್ಲ ಕಾಂಗ್ರೆಸ್ಸಿನ ಕಡೆಗೆ ಒಲಿದಿದ್ದಾಗ ಗಣಿಯ ಜನ ಒಬ್ಬ ಸಂಘದವನನ್ನೂ ಒಬ್ಬ ಅಂಬೇಡ್ಕರ್‌ವಾದಿಯನ್ನೂ ವಿಧಾನಸಭೆಗೆ ಕಳುಹಿಸಿದರು. 1957ರಲ್ಲೂ ಅದೇ ಜೋಡಿ ಮಾದರಿ: ಕಮ್ಯುನಿಸ್ಟ್ ಪಕ್ಷದ ಎಂ.ಸಿ. ನರಸಿಂಹನ್, ಫೆಡರೇಷನ್ನಿನ ಸಿ.ಎಂ. ಆರ್ಮುಗಂ. ವರ್ಗ ಮತ್ತು ಜಾತಿ ಎಂಬ ಎರಡು ನೋವುಗಳಿಗೆ ಎರಡು ಪ್ರತಿನಿಧಿಗಳು. ಆಮೇಲೆ ರಿಪಬ್ಲಿಕನ್ ಪಕ್ಷ, ಎರಡೂ ಕಮ್ಯುನಿಸ್ಟ್ ಪಕ್ಷಗಳು, ಎಐಎಡಿಎಂಕೆ, ಬಿಜೆಪಿ, ಕಾಂಗ್ರೆಸ್ ಎಲ್ಲವೂ ಇಲ್ಲಿ ನೆಲೆ ಹುಡುಕಿದವು. ಕರ್ನಾಟಕದ ಬೇರೆ ಕ್ಷೇತ್ರಗಳ ಗಾಳಿಗೆ ಸುಲಭವಾಗಿ ಬಾಗದ ಕ್ಷೇತ್ರವೆಂಬ ಹೆಸರು ಇದಕ್ಕೆ ಅಂಟಿತು.

ಫೆಡರೇಷನ್ನಿನ ಹಿನ್ನೆಲೆಯಲ್ಲೂ ಸೈನ್ಯದ ನೆರಳಿದೆ. ಅದನ್ನು 1942ರಲ್ಲಿ ಸ್ಥಾಪಿಸಿದ ಅಂಬೇಡ್ಕರ್ ಅವರ ತಂದೆ ರಾಮ್‌ಜಿ ಸಕ್ಪಾಲ್ ಸೇನೆಯ ಸುಬೇದಾರ್, ದಂಡಿನ ಶಾಲೆಯ ಉಪಾಧ್ಯಾಯ. ಮನೆಯಲ್ಲಿ ಅಕ್ಷರ ಬಂದದ್ದು ಆ ದಾರಿಯಿಂದ. ಸ್ವತಃ ಅಂಬೇಡ್ಕರ್ 1913ರಲ್ಲಿ ಬರೋಡ ಸಂಸ್ಥಾನದ ಸೇನೆಯಲ್ಲಿ ಲೆಫ್ಟಿನೆಂಟ್ ಆಗಿ ನೇಮಕಗೊಂಡರು. ತಂದೆಯ ಮರಣದಿಂದಾಗಿ ಕೆಲವೇ ದಿನಗಳಲ್ಲಿ ಆ ಅಧ್ಯಾಯ ಮುಗಿಯಿತು. 1927ರಿಂದ ಮುಂಬೈ ವಿಧಾನ ಪರಿಷತ್ತಿನಲ್ಲಿ, 1937ರಿಂದ ಅಲ್ಲಿನ ವಿಧಾನಸಭೆಯಲ್ಲಿ ಶಾಸಕರಾದರು. 1941ರಲ್ಲಿ ಮಹಾರ್ ರೆಜಿಮೆಂಟ್ ಮತ್ತೆ ರೂಪುಗೊಂಡದ್ದರ ಹಿಂದೆ ಅವರ ಒತ್ತಾಯವಿತ್ತು. ವೈಸ್‌ರಾಯ್ ಮಂಡಲಿಯ ಕಾರ್ಮಿಕ ಸದಸ್ಯರಾಗಿ 1943ರಲ್ಲಿ ಧನಬಾದಿನ ಕಲ್ಲಿದ್ದಲು ಗಣಿಯೊಳಗೆ ಇಳಿದು ನೋಡಿದ್ದೂ ಉಂಟು. ದಂಡು, ಗಣಿ, ಶಾಸನಸಭೆ ಈ ಮೂರನ್ನೂ ಒಂದೇ ಜೀವನದಲ್ಲಿ ಕಂಡ ನಾಯಕನ ಪಕ್ಷವನ್ನು ಕೆಜಿಎಫ್ ಆರಿಸಿಕೊಂಡದ್ದು ಆಕಸ್ಮಿಕವೆನಿಸುವುದಿಲ್ಲ.

ಸೈನಿಕ ಶಾಸಕನಾಗುವುದು ಹೇಗೆ?

ಲಾವೆಲ್, ಬೆರೆಸ್‌ಫರ್ಡ್ ಕಾಲದಲ್ಲಿ ಸಮವಸ್ತ್ರವೇ ಅಧಿಕಾರದ ಮನೆಗೆ ರಹದಾರಿಯಾಗಿತ್ತು. ನಮ್ಮ ಸಂವಿಧಾನ ಆ ಎರಡರ ನಡುವೆ ಗೋಡೆ ಎಬ್ಬಿಸಿತು. ಗೋಡೆಗೆ ಮೂರು ಕಲ್ಲುಗಳಿವೆ.

ಮೊದಲನೆಯದು ಸಂವಿಧಾನದ 191ನೇ ವಿಧಿ. ಸರ್ಕಾರದಡಿ ಲಾಭದ ಹುದ್ದೆಯಲ್ಲಿರುವವನು ರಾಜ್ಯದ ಶಾಸಕನಾಗಲು ಅನರ್ಹ. ಸೇನೆಯ ಸಂಬಳವೂ ಸರ್ಕಾರದ್ದೇ. ಶಾಸಕನ ಕೆಲಸ ಸರ್ಕಾರವನ್ನು ಪ್ರಶ್ನಿಸುವುದು. ಅದರ ಆಜ್ಞೆ ಪಾಲಿಸಬೇಕಾದವನು ಅದನ್ನು ಪ್ರಶ್ನಿಸುವುದು ಹೇಗೆ ಎಂಬುದು ತರ್ಕ. ಎರಡನೆಯದು 1950ರ ಸೇನಾ ಕಾಯಿದೆ ಮತ್ತು ಅದರ ನಿಯಮಗಳು. ಸೇವೆಯಲ್ಲಿರುವ ಸೈನಿಕ ರಾಜಕೀಯ ಪಕ್ಷ ಸೇರುವಂತಿಲ್ಲ, ಪ್ರಚಾರ ಮಾಡುವಂತಿಲ್ಲ. ಪತ್ರಿಕೆಗಳಲ್ಲಿ ಬರೆಯುವುದಕ್ಕೂ ನಿರ್ಬಂಧವಿದೆ. ಮೂರನೆಯದು ರೂಢಿ: ಸೇನೆ ಚುನಾಯಿತ ಸರ್ಕಾರದ ಅಧೀನ, ಅದರ ಪಾಲುದಾರನಲ್ಲ.

ಆದರೆ ಗೋಡೆಯಲ್ಲಿ ಬಾಗಿಲುಗಳೂ ಇವೆ. ಸೈನಿಕನಿಗೆ ಮತವುಂಟು. ದೂರದ ಗಡಿಯಲ್ಲಿರುವ ಕೋರಮಂಡಲ್‌ನ ಹುಡುಗ ಸೇವಾ ಮತದಾರನಾಗಿ ತನ್ನ ಊರಿನ ಪಟ್ಟಿಯಲ್ಲೇ ಹೆಸರಿಟ್ಟುಕೊಂಡು ಅಂಚೆಯ ಮೂಲಕ ಮತ ಹಾಕಬಹುದು. 2016ರಿಂದ ಮತಪತ್ರವನ್ನು ವಿದ್ಯುನ್ಮಾನ ರೂಪದಲ್ಲಿ ಕಳುಹಿಸುವ ಏರ್ಪಾಡು ಬಂದಿದೆ. ಮೊದಲು ಸೈನಿಕನ ಹೆಂಡತಿಗೆ ಮಾತ್ರ ಇದ್ದ ಸೇವಾ ಮತದಾರರ ಸೌಲಭ್ಯವನ್ನು 2021ರ ತಿದ್ದುಪಡಿ ಮಹಿಳಾ ಯೋಧರ ಗಂಡಂದಿರಿಗೂ ವಿಸ್ತರಿಸಿತು. ಇನ್ನು ನಿವೃತ್ತನಾದ ಮೇಲೆ ಸೈನಿಕ ಎಲ್ಲರಂತೆ ನಾಗರಿಕ, ಚುನಾವಣೆಗೆ ನಿಲ್ಲಬಹುದು.

ನಿಂತವರ ಅನುಭವ ಬಗೆಬಗೆ. ಸೈನ್ಯದ ಕೀರ್ತಿ ಮತವಾಗಿ ತಾನಾಗಿಯೇ ಬದಲಾಗುವುದಿಲ್ಲ ಎಂಬುದಕ್ಕೆ ಕೊಡಗಿನ ಜನರಲ್ ಕಾರ್ಯಪ್ಪನವರೇ ಸಾಕ್ಷಿ. 1949ರ ಜನವರಿ 15ರಂದು ಭಾರತೀಯ ಸೇನೆಯ ಮೊದಲ ಭಾರತೀಯ ಮಹಾದಂಡನಾಯಕರಾದ ಅವರು 1971ರಲ್ಲಿ ಮುಂಬೈಯಿಂದ ಲೋಕಸಭೆಗೆ ಸ್ಪರ್ಧಿಸಿ ಸೋತರು. ದೇಶವೆಲ್ಲ ಗೌರವಿಸುವ ಹೆಸರಾದರೂ ಕ್ಷೇತ್ರದ ನಲ್ಲಿ, ಚರಂಡಿ, ಕೂಲಿಯ ಪ್ರಶ್ನೆಗಳಿಗೆ ಅದು ಉತ್ತರವಾಗಲಿಲ್ಲ. ಸಿಖ್ ರೆಜಿಮೆಂಟಿನಲ್ಲಿದ್ದ ಅಮರಿಂದರ್ ಸಿಂಗ್ ಪಂಜಾಬಿನಲ್ಲಿ, ಮೇಜರ್ ಜನರಲ್ ಆಗಿದ್ದ ಬಿ.ಸಿ. ಖಂಡೂರಿ ಉತ್ತರಾಖಂಡದಲ್ಲಿ ಮುಖ್ಯಮಂತ್ರಿಗಳಾದರು. ಇಬ್ಬರೂ ಅದಕ್ಕೆ ಮೊದಲು ಪಕ್ಷದ ಏಣಿಯನ್ನು ಮೆಟ್ಟಿಲು ಮೆಟ್ಟಿಲಾಗಿ ಹತ್ತಿದವರು. ನಮ್ಮಲ್ಲಿ ಕ್ಯಾಪ್ಟನ್ ಗಣೇಶ್ ಕಾರ್ಣಿಕ್ ವಿಧಾನ ಪರಿಷತ್ತಿಗೆ ಬಂದದ್ದು ಶಿಕ್ಷಕರ ಕ್ಷೇತ್ರದಿಂದ. 2024ರಲ್ಲಿ ದಕ್ಷಿಣ ಕನ್ನಡದಿಂದ ಲೋಕಸಭೆಗೆ ಆಯ್ಕೆಯಾದ ಬ್ರಿಜೇಶ್ ಚೌಟ ಕೂಡ ಸೇನೆಯಲ್ಲಿ ಕ್ಯಾಪ್ಟನ್ ಆಗಿದ್ದವರು. ಇವರೆಲ್ಲರ ಹಾದಿಯಿಂದ ತಿಳಿಯುವುದಿಷ್ಟು: ಸಮವಸ್ತ್ರ ಗುರುತನ್ನು ಕೊಡುತ್ತದೆ; ಮತವನ್ನು ಜನರ ನಡುವಿನ ಕೆಲಸ ಕೊಡುತ್ತದೆ.

ಚುನಾವಣೆಯ ಹಂಗಿಲ್ಲದ ಒಂದು ಬಾಗಿಲೂ ಇತ್ತು. ಸಂವಿಧಾನದ 333ನೇ ವಿಧಿಯಂತೆ ರಾಜ್ಯಪಾಲರು ವಿಧಾನಸಭೆಗೆ ಒಬ್ಬ ಆಂಗ್ಲೋ ಇಂಡಿಯನ್ ಸದಸ್ಯರನ್ನು ನಾಮಕರಣ ಮಾಡಬಹುದಿತ್ತು. ಕೆಜಿಎಫ್‌ನಲ್ಲಿ ಗಣಿ, ರೈಲ್ವೆ, ಸಹಾಯಕ ಸೇನೆಗಳಲ್ಲಿ ದುಡಿದ ಆ ಸಮುದಾಯ ದೊಡ್ಡದಾಗಿಯೇ ಇತ್ತು; ಸ್ವಾತಂತ್ರ್ಯಾನಂತರ ಹಲವು ಕುಟುಂಬಗಳು ಆಸ್ಟ್ರೇಲಿಯ, ಇಂಗ್ಲೆಂಡುಗಳಿಗೆ ತೆರಳಿದವು. 104ನೇ ತಿದ್ದುಪಡಿಯಿಂದ 2020ರ ಜನವರಿಯಲ್ಲಿ ಆ ನಾಮಕರಣದ ಅವಕಾಶ ಕೊನೆಗೊಂಡಿತು.

ಇನ್ನು ಯಾರು ಮಾತಾಡಬೇಕು?

1956ರಲ್ಲಿ ಗಣಿಗಳನ್ನು ಮೈಸೂರು ಸರ್ಕಾರ ವಹಿಸಿಕೊಂಡಿತು, 1962ರಲ್ಲಿ ಅವು ಕೇಂದ್ರಕ್ಕೆ ಹೋದವು, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಕಂಪನಿಯಾಯಿತು. ಚಾಂಪಿಯನ್ ರೀಫ್ ಗಣಿ 3,200 ಮೀಟರ್ ಆಳ ಮುಟ್ಟಿತ್ತು. ಅಲ್ಲಿ ಬಂಡೆಯ ಶಾಖ 60 ಡಿಗ್ರಿ ದಾಟುತ್ತಿತ್ತು, ಒತ್ತಡಕ್ಕೆ ಬಂಡೆ ಸಿಡಿದು ಜೀವ ಹೋಗುತ್ತಿತ್ತು. ಸುಮಾರು 120 ವರ್ಷಗಳಲ್ಲಿ 800 ಟನ್ನಿನಷ್ಟು ಚಿನ್ನ ಕೊಟ್ಟ ಗಣಿ 2001ರ ಫೆಬ್ರುವರಿ 28ರಂದು ಮುಚ್ಚಿತು. ಉಳಿದದ್ದು ರಕ್ಷಣಾ ಸಚಿವಾಲಯದ ಅಧೀನದ ಬಿಇಎಂಎಲ್ ಕಾರ್ಖಾನೆ ಮತ್ತು ಬೆಳಗಿನ ರೈಲು. ಬುಲ್ಡೋಜರ್ ಜೊತೆಗೆ ಸೇನೆಗೆ ಬೇಕಾದ ವಾಹನಗಳನ್ನೂ ಕಟ್ಟುವ ಆ ಕಾರ್ಖಾನೆಯ ಮೂಲಕ ಸೈನ್ಯದ ನಂಟು ಇಂದಿಗೂ ಊರಿಗೆ ಅನ್ನ ಹಾಕುತ್ತದೆ. ಆದರೆ ಸಾವಿರಾರು ಜನ ದಿನವೂ ಬೆಂಗಳೂರಿಗೆ ರೈಲಿನಲ್ಲಿ ಹೋಗಿ ದುಡಿದು ರಾತ್ರಿ ಮರಳುತ್ತಾರೆ.

ಊರ ನಡುವೆ ಅದಿರು ಅರೆದು ಸುರಿದ ಸೈನೈಡ್ ದಿಬ್ಬಗಳು ನಿಂತಿವೆ. ಗಾಳಿಗಾಲದಲ್ಲಿ ಅವುಗಳ ದೂಳು ಲೈನ್ ಮನೆಗಳ ಅಡಿಗೆಗೂ ಕಣ್ಣಿಗೂ ಬೀಳುತ್ತದೆ. ಆ ದೂಳಿನಲ್ಲಿ ಇನ್ನೂ ಅಷ್ಟಿಷ್ಟು ಚಿನ್ನವಿದೆ. 2024ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟ, ಸಾವಿರ ಎಕರೆಗೂ ಹೆಚ್ಚು ವ್ಯಾಪ್ತಿಯ 13 ದಿಬ್ಬಗಳಲ್ಲಿ ಗಣಿಗಾರಿಕೆ ನಡೆಸುವ ಕೇಂದ್ರದ ಪ್ರಸ್ತಾವಕ್ಕೆ ಸಮ್ಮತಿಸಿತು. ವಾರನ್‌ನ ಎದುರು ಗಾಡಿಯ ಮಣ್ಣು ತೊಳೆದು ತೋರಿಸಿದ ಕೆಲಸವೇ ದೊಡ್ಡ ಯಂತ್ರಗಳಿಂದ ಮತ್ತೆ ನಡೆಯಬಹುದು.

ಈ ಸಲ ಒಂದು ವ್ಯತ್ಯಾಸವಿದೆ. 1873ರಲ್ಲಿ ಅರ್ಜಿ ಬರೆದವನೂ ಓದಿದವರೂ ಊರಿನವರಾಗಿರಲಿಲ್ಲ. ಊರಿನವರನ್ನು ಕೇಳುವ ಸಭೆಯೇ ಇರಲಿಲ್ಲ. ಈಗ ಸಭೆಯಿದೆ, ಅದರಲ್ಲಿ ಕೆಜಿಎಫ್‌ಗೂ ಬಂಗಾರಪೇಟೆಗೂ ಒಂದೊಂದು ಮೀಸಲು ಸ್ಥಾನವಿದೆ. ದಿಬ್ಬ ಕರಗಿಸಿದಾಗ ಬರುವ ಲಾಭದಲ್ಲಿ ಊರಿಗೆ ಎಷ್ಟು ಪಾಲು, ದೂಳಿಗೆ ಯಾರು ಹೊಣೆ, ತಲೆಮಾರುಗಳಿಂದ ಲೈನ್ ಮನೆಗಳಲ್ಲಿ ಬಾಳಿದವರಿಗೆ ಆ ಮನೆಗಳ ಮೇಲೆ ಏನು ಹಕ್ಕು ಎಂಬ ಮೂರು ಪ್ರಶ್ನೆಗಳನ್ನು ಆ ಸ್ಥಾನದಲ್ಲಿ ಕೂತವರು, ಅವರು ಸೈನ್ಯದಿಂದ ಬಂದಿರಲಿ, ಸಂಘದಿಂದ ಬಂದಿರಲಿ, ಕೇಳಬೇಕಾಗುತ್ತದೆ. 1952ರಲ್ಲಿ ಮೊದಲ ಸಲ ಮತಗಟ್ಟೆಯ ಮುಂದೆ ಸಾಲು ನಿಂತ ಗಣಿ ಕಾರ್ಮಿಕರು ತಮ್ಮ ಪ್ರತಿನಿಧಿಗಳಿಂದ ನಿರೀಕ್ಷಿಸಿದ್ದೂ ಇಂಥ ಪ್ರಶ್ನೆಗಳನ್ನೇ.